ಟಂಕದೋಷ

ಮೊನ್ನೆ ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಹಳೆಯ ನಾಣ್ಯ ಹರವಿಕೊಂಡು ಕುಳಿತಿದ್ದ ವ್ಯಾಪಾರಿಯೊಬ್ಬರು ನನ್ನ ಅಂಗೈ ಮೇಲೆ ಒಂದು ರೂಪಾಯಿಯ ನಾಣ್ಯವಿಟ್ಟು, ‘ಎರಡೆರಡು ಟಂಕದೋಷ ಇವೆ ನೋಡಿರಿ, ಐದು ಸಾವಿರಕ್ಕೆ ಕಡಿಮೆ ಇಲ್ಲ’ ಎಂದರು. ಇಸವಿಯ ಕೆಳಗೊಂದು ಪುಟ್ಟ ನಕ್ಷತ್ರ, ಅಂಚಿನಲ್ಲಿ ಉಗುರು ಹಿಡಿಸುವಷ್ಟು ಕಚ್ಚು. ಟಂಕದೋಷ ಎಂದರೆ ನಾಣ್ಯ ತಯಾರಾಗುವಾಗಲೇ ಆದ ತಪ್ಪು; ಈ ಪದವನ್ನು ಹೀಗೆ ಬಳಸುವುದನ್ನು ಕೇಳಿ ಕೇಳಿ ಸಾಕಾಗಿದೆ. ನಕ್ಷತ್ರ ದೋಷವೇ ಅಲ್ಲ, ಹೈದರಾಬಾದ್ ಟಂಕಸಾಲೆಯ ಗುರುತು. ಮುಂಬೈಯದು ವಜ್ರಾಕೃತಿ, ನೊಯ್ಡಾದ್ದು ಚುಕ್ಕೆ, ಕೋಲ್ಕತ್ತದ ನಾಣ್ಯಕ್ಕೆ ಗುರುತೇ ಇರುವುದಿಲ್ಲ.

ಸಂಸ್ಕೃತದ ‘ಟಂಕ’ ಕಲ್ಲುಕುಟಿಗನ ಉಳಿಯೂ ಹೌದು, ಮುದ್ರೆಯೊತ್ತಿದ ನಾಣ್ಯವೂ ಹೌದು. ಆ ಮುದ್ರೆ ಬೀಳುವ ಮನೆ ಟಂಕಸಾಲೆ. ನಮ್ಮ ಕಡೆಗೆ ಇದು ದೂರದ ಮಾತಲ್ಲ: ಗದಗಿನ ಪಕ್ಕದ ಲಕ್ಕುಂಡಿಯಲ್ಲಿ ಟಂಕಸಾಲೆ ಇತ್ತು, ಅಲ್ಲಿಯ ಚಿನ್ನದ ನಾಣ್ಯಕ್ಕೆ ಶಾಸನಗಳಲ್ಲಿ ಲೊಕ್ಕಿ ಗದ್ಯಾಣ ಎಂದು ಹೆಸರು, ಟಂಕಸಾಲಿ ಎಂಬ ಅಡ್ಡಹೆಸರು ಇಂದಿಗೂ ಧಾರವಾಡ ಸೀಮೆಯಲ್ಲಿದೆ. ಹಾಗಾಗಿ ಟಂಕಸಾಲೆಯೊಳಗೆ ಆದ ತಪ್ಪು ಮಾತ್ರ ಟಂಕದೋಷ. ಹೊಸ್ತಿಲು ದಾಟಿದ ಮೇಲೆ ಆದದ್ದು ಸವೆತ, ಪೆಟ್ಟು ಅಥವಾ ಯಾರದೋ ಕೈಚಳಕ.

ಎರಡನ್ನೂ ಬೇರ್ಪಡಿಸುವುದು ಕಷ್ಟವಲ್ಲ. ನಾಣ್ಯದ ಮೇಲೆ ಗೆರೆಯಿದ್ದರೆ ದೀಪಕ್ಕೆ ಓರೆಯಾಗಿ ಹಿಡಿಯಿರಿ. ಬಿರುಕು ಬಿಟ್ಟ ಅಚ್ಚಿನೊಳಕ್ಕೆ ಲೋಹ ನುಗ್ಗಿದ್ದರೆ ಗೆರೆ ಉಬ್ಬಿರುತ್ತದೆ. ತಗ್ಗಿನ ಗೆರೆ ಬಹುಪಾಲು ಬರೀ ಗೀರು. ಇನ್ನು ಅಂಚಿನ ಕಚ್ಚು. ಇನ್ನೂ ಮುದ್ರೆ ಬೀಳದ ಲೋಹದ ಬಿಲ್ಲೆಯನ್ನು ಕತ್ತರಿಸುವಾಗಲೇ ಅದು ಬಿದ್ದಿದ್ದರೆ, ಅಂಚು ಎಬ್ಬಿಸುವ ಯಂತ್ರದಲ್ಲಿ ಆ ಜಾಗದಲ್ಲಿ ಒತ್ತಡ ಸಿಗದೆ ಸರಿಯಾಗಿ ಎದುರಿನ ಅಂಚೂ ಸೊರಗುತ್ತದೆ. ನನ್ನ ಅಂಗೈಯಲ್ಲಿದ್ದ ನಾಣ್ಯವನ್ನು ತಿರುಗಿಸಿ ನೋಡಿದೆ: ಎದುರಿನ ಅಂಚು ಗಟ್ಟಿಯಾಗಿ ನಿಂತಿತ್ತು, ಕಚ್ಚಿನೊಳಗೆ ಅರದ ಸಣ್ಣ ಗೆರೆಗಳು ಹೊಳೆಯುತ್ತಿದ್ದವು. ಅದರ ಬೆಲೆ ಒಂದು ರೂಪಾಯಿ.

ನಿಜವಾದ ದೋಷವಿದ್ದರೂ ಬೆಲೆ ತಾನಾಗಿ ಏರುವುದಿಲ್ಲ. ಕೂದಲೆಳೆಯಷ್ಟು ಬಿರುಕಿಗೆ ಯಾರೂ ಹೆಚ್ಚು ಕೊಡುವುದಿಲ್ಲ. ಹಿಂದಿನ ನಾಣ್ಯ ಅಚ್ಚಿಗೇ ಅಂಟಿಕೊಂಡು, ಮುಂದಿನ ಬಿಲ್ಲೆಯ ಒಂದು ಮೈಯಲ್ಲಿ ಅದರ ಚಿತ್ರ ತಗ್ಗಾಗಿ, ತಿರುವುಮುರುವಾಗಿ ಒತ್ತಿದ್ದರೆ ಸಂಗ್ರಾಹಕರು ಹುಡುಕಿಕೊಂಡು ಬರುತ್ತಾರೆ. ಅಚ್ಚು ನಡು ತಪ್ಪಿ ಬಿದ್ದ ನಾಣ್ಯಕ್ಕೂ ಬೆಲೆಯಿದೆ, ಇಸವಿ ಉಳಿದಿದ್ದರೆ ಇನ್ನಷ್ಟು.

ಆದರೆ ಇದು ಯಂತ್ರದ ನಾಣ್ಯಗಳ ಲೆಕ್ಕ. ಟಿಪ್ಪು ಕಾಲದಲ್ಲಿ ಧಾರವಾಡದ ಟಂಕಸಾಲೆಯ ಹೆಸರು ಖುರ್ಷೀದ್ ಸವಾದ್. ಆಗ ಸುತ್ತಿಗೆಯಿಂದ ಬಡಿದು ಒತ್ತುತ್ತಿದ್ದರು. ಅಚ್ಚು ತುಸು ಸರಿದರೆ ಚಿತ್ರದ ತುದಿಯೋ ಅಕ್ಷರದ ಸಾಲೋ ಹೊರಗೆ ಉಳಿಯುವುದು ಮಾಮೂಲಿ. ಆನೆಯ ಚಿತ್ರವಿರುವ ಅಂಥ ಪೈಸೆಯಲ್ಲಿ ಸೊಂಡಿಲು ಕಾಣದಿದ್ದರೆ ಅದನ್ನು ಟಂಕದೋಷವೆಂದು ಮಾರುವುದು ತಪ್ಪು. ಆನೆ ಇಡಿಯಾಗಿ, ಊರಿನ ಹೆಸರು ಪೂರ್ತಿಯಾಗಿ ಬಿದ್ದಿರುವ ಪೈಸೆಗೇ ಅಲ್ಲಿ ಹೆಚ್ಚು ಬೆಲೆ.