ಟಚ್‌ಪ್ಯಾಡ್ ಒತ್ತದಿದ್ದರೆ ಮೊದಲು ಬ್ಯಾಟರಿ ನೋಡಿ

ಕಳೆದ ಮೇ ತಿಂಗಳಲ್ಲಿ ಕಲಬುರಗಿಯ ನಮ್ಮ ದುರಸ್ತಿ ಅಂಗಡಿಗೆ ಉಪನ್ಯಾಸಕರೊಬ್ಬರು ನಾಲ್ಕು ವರ್ಷ ಹಳೆಯ ಲ್ಯಾಪ್‌ಟಾಪ್ ತಂದು, "ಟಚ್‌ಪ್ಯಾಡ್ ಕೆಟ್ಟದ್ರಿ, ಒತ್ತಿದ್ರ ಒತ್ತಂಗಿಲ್ಲ, ಬ್ಯಾರೆ ಹಾಕಿಕೊಡ್ರಿ" ಎಂದರು. ಯಂತ್ರವನ್ನು ಮೇಜಿನ ಮೇಲಿಟ್ಟಾಗ ಅದರ ನಾಲ್ಕು ಕಾಲುಗಳೂ ಒಟ್ಟಿಗೆ ಊರದೆ ಒಂದು ಮೂಲೆ ಅಲುಗಾಡುತ್ತಿತ್ತು. ಅಂಗೈ ಊರುವ ಜಾಗದಲ್ಲಿ ಎರಡು ಪಟ್ಟಿಗಳ ನಡುವೆ ಉಗುರು ತೂರುವಷ್ಟು ಸೀಳು ಬಿಟ್ಟಿತ್ತು. ಹಿಂಬದಿಯ ಸ್ಕ್ರೂಗಳನ್ನು ತೆಗೆಯುವಾಗ ಕೊನೆಯೆರಡು ಸ್ಕ್ರೂ ಸಡಿಲವಾಗುತ್ತಿದ್ದಂತೆಯೇ ಮುಚ್ಚಳ ತಾನಾಗಿಯೇ ಮೇಲೆದ್ದಿತು. ಒಳಗೆ ಅಕ್ಕಪಕ್ಕ ಜೋಡಿಸಿದ್ದ ಬ್ಯಾಟರಿಯ ಮೂರು ಚಪ್ಪಟೆ ಸೆಲ್‌ಗಳಲ್ಲಿ ನಡುವಿನದು ಪೂರಿಯಂತೆ ಉಬ್ಬಿ ಟಚ್‌ಪ್ಯಾಡನ್ನು ಕೆಳಗಿನಿಂದ ಒತ್ತಿ ಹಿಡಿದಿತ್ತು. ಬ್ಯಾಟರಿ ತೆಗೆದ ಕೂಡಲೇ ಟಚ್‌ಪ್ಯಾಡ್ ಮೊದಲಿನಂತೆ ಟಕ್ ಎಂದಿತು. ಅದರಲ್ಲಿ ಯಾವ ದೋಷವೂ ಇರಲಿಲ್ಲ.

ಲ್ಯಾಪ್‌ಟಾಪನ್ನು ಹೇಗೆ ಬಳಸುತ್ತೀರೆಂದು ಕೇಳಿದಾಗ, ಆನ್‌ಲೈನ್ ಪಾಠಗಳ ಕಾಲದಿಂದಲೂ ಅದು ಕಿಟಕಿಯ ಪಕ್ಕದ ಮೇಜಿನ ಮೇಲೆಯೇ ಇದೆ, ಚಾರ್ಜರ್ ತೆಗೆದದ್ದೇ ಇಲ್ಲ ಎಂಬ ಉತ್ತರ ಬಂತು. ಬ್ಯಾಟರಿ ಬಳಸದೆ ಅದನ್ನು ಜೋಪಾನ ಮಾಡುತ್ತಿದ್ದೇನೆ ಎಂದು ಅವರು ನಂಬಿದ್ದರು.

ಲಿಥಿಯಂ ಅಯಾನ್ ಸೆಲ್‌ನಲ್ಲಿ ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು (ವಿದ್ಯುದಾವೇಶ ಹೊತ್ತ ಕಣಗಳು) ಲೋಹದ ಆಕ್ಸೈಡ್ ಇರುವ ಧನಧ್ರುವದಿಂದ ಹೊರಟು, ಎಲೆಕ್ಟ್ರೊಲೈಟ್ ಎಂಬ ದ್ರವದ ಮೂಲಕ ಸಾಗಿ, ಋಣಧ್ರುವದ ಗ್ರಾಫೈಟ್ ಪದರಗಳ ನಡುವೆ ಸೇರಿಕೊಳ್ಳುತ್ತವೆ. ಬಳಸುವಾಗ ಅದೇ ದಾರಿಯಲ್ಲಿ ಹಿಂದಿರುಗುತ್ತವೆ. ಪರದೆಯ ಮೇಲೆ ನೂರು ಎಂದು ಕಾಣುವಾಗ ಪ್ರತಿ ಸೆಲ್‌ನ ವೋಲ್ಟೇಜು ಸಾಮಾನ್ಯವಾಗಿ 4.2 ವೋಲ್ಟ್ ಅಥವಾ ಅದಕ್ಕಿಂತ ತುಸು ಮೇಲಿರುತ್ತದೆ. ಆ ಹಂತ ಮುಟ್ಟಿದ ಮೇಲೆ ಒಳಗಿನ ಸರ್ಕ್ಯೂಟ್ ಚಾರ್ಜ್ ನಿಲ್ಲಿಸುವುದರಿಂದ, "ಓವರ್ ಚಾರ್ಜ್ ಆಗಿ ಊದಿತು" ಎಂದು ಗ್ರಾಹಕರು ಹೇಳುವ ಮಾತು ಬಹುತೇಕ ಸಂದರ್ಭಗಳಲ್ಲಿ ಸರಿಯಲ್ಲ. ತೊಂದರೆ ಇರುವುದು ತುಂಬಿದ ಸ್ಥಿತಿಯಲ್ಲೇ ತಿಂಗಳುಗಟ್ಟಲೆ ಕೂರುವುದರಲ್ಲಿ. ವೋಲ್ಟೇಜು ಹೆಚ್ಚಿದ್ದಷ್ಟೂ ಎಲೆಕ್ಟ್ರೊಲೈಟ್ ಹೆಚ್ಚು ವಿಘಟನೆಗೊಂಡು ಅನಿಲ ಹುಟ್ಟುತ್ತದೆ, ಬಿಸಿ ಸೇರಿದರೆ ಆ ಕ್ರಿಯೆಗೆ ವೇಗ ಬರುತ್ತದೆ. ಹಳೆಯ ದಪ್ಪ ಲ್ಯಾಪ್‌ಟಾಪ್‌ಗಳಲ್ಲಿದ್ದ 18650 ಎಂಬ ಉರುಳೆಯಾಕಾರದ ಸೆಲ್‌ಗೆ (18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದ) ಲೋಹದ ಗಟ್ಟಿ ಡಬ್ಬಿ ಇರುವುದರಿಂದ ಉಬ್ಬುವುದು ಕಣ್ಣಿಗೆ ಬೀಳುತ್ತಿರಲಿಲ್ಲ. ಈಗಿನ ತೆಳು ಯಂತ್ರಗಳ ಸೆಲ್ ಅಲ್ಯೂಮಿನಿಯಂ ಹಾಳೆಯ ಮೆತ್ತನೆಯ ಚೀಲದಲ್ಲಿರುತ್ತದೆ, ಚೀಲ ಉಬ್ಬಲೇಬೇಕು.

ಹಲವು ತಯಾರಕರ ಕೈಪಿಡಿಗಳು ಬಳಕೆಗೆ ಸೂಚಿಸುವ ಸುತ್ತಲಿನ ಉಷ್ಣಾಂಶದ ಮೇಲ್ಮಿತಿ 35 ಡಿಗ್ರಿ ಸೆಲ್ಸಿಯಸ್. ನಮ್ಮೂರಲ್ಲಿ ಬೇಸಿಗೆಯ ಮಧ್ಯಾಹ್ನ 40 ದಾಟುವುದು ಹೊಸದೇನಲ್ಲ. ಅದರ ಮೇಲೆ ಲ್ಯಾಪ್‌ಟಾಪನ್ನು ಗಾದಿಯ ಮೇಲಿಟ್ಟು ಗಾಳಿಕಿಂಡಿ ಮುಚ್ಚಿದರೆ, ಪ್ರೊಸೆಸರ್ ಹೊರಹಾಕಬೇಕಾದ ಬಿಸಿಯೆಲ್ಲ ಪಕ್ಕದಲ್ಲೇ ಇರುವ ಬ್ಯಾಟರಿಗೆ ತಗಲುತ್ತದೆ. ಆದ್ದರಿಂದ ಮೇಜಿನ ಮೇಲೆ ಚಾರ್ಜರ್ ಹಚ್ಚಿಯೇ ದುಡಿಯುವವರು ಚಾರ್ಜಿಗೆ 80 ಪ್ರತಿಶತದ ಮಿತಿ ಹಾಕಿಕೊಳ್ಳುವುದು ನಾನು ಕೊಡುವ ಮೊದಲ ಸಲಹೆ. ಲೆನೊವೊ, ಏಸಸ್, ಡೆಲ್, ಎಚ್‌ಪಿ ಮುಂತಾದವರ ಅನೇಕ ಮಾದರಿಗಳಲ್ಲಿ ಈ ಸೌಲಭ್ಯ ಅವರದೇ ತಂತ್ರಾಂಶದಲ್ಲೋ ಬಯೋಸ್‌ನಲ್ಲೋ (ಯಂತ್ರ ಆನ್ ಆಗುವಾಗ ಮೊದಲು ಓಡುವ ಮೂಲ ತಂತ್ರಾಂಶ) ಇರುತ್ತದೆ, ಹೆಸರು ಮಾತ್ರ ಬೇರೆ ಬೇರೆ. ತಿಂಗಳಿಗೊಮ್ಮೆ ಪೂರ್ತಿ ಖಾಲಿ ಮಾಡಬೇಕು, ಹೊಸ ಬ್ಯಾಟರಿಯನ್ನು ಮೊದಲ ದಿನ ಎಂಟು ಗಂಟೆ ಚಾರ್ಜಿಗೆ ಇಡಬೇಕು ಎಂದು ನಮ್ಮ ವೃತ್ತಿಯವರೇ ಕೆಲವರು ಇಂದಿಗೂ ಹೇಳುತ್ತಾರೆ. ಅದು ನಿಕಲ್ ಕ್ಯಾಡ್ಮಿಯಂ ಕಾಲದ ಮಾತು, ಲಿಥಿಯಂಗೆ ಸಲ್ಲದು.

ಬ್ಯಾಟರಿಯ ಸ್ಥಿತಿ ತಿಳಿಯಲು ಅಂಗಡಿಗೆ ಬರಬೇಕಾಗಿಲ್ಲ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಪವರ್‌ಸಿಎಫ್‌ಜಿ’ ಆದೇಶವನ್ನು ‘ಬ್ಯಾಟರಿರಿಪೋರ್ಟ್’ ಆಯ್ಕೆಯೊಂದಿಗೆ (powercfg /batteryreport) ಕೊಟ್ಟರೆ ಒಂದು ವರದಿ ಸಿದ್ಧವಾಗುತ್ತದೆ. ಅದರಲ್ಲಿ ‘ಡಿಸೈನ್ ಕೆಪಾಸಿಟಿ’ (ಹೊಸದಿದ್ದಾಗಿನ ಸಾಮರ್ಥ್ಯ) ಮತ್ತು ‘ಫುಲ್ ಚಾರ್ಜ್ ಕೆಪಾಸಿಟಿ’ (ಈಗ ತುಂಬುವ ಸಾಮರ್ಥ್ಯ) ಎಂಬ ಎರಡು ಸಾಲುಗಳನ್ನು ಹೋಲಿಸಿದರೆ ಸಾಕು. ಮೊದಲನೆಯದು 42,000 ಮಿಲಿವ್ಯಾಟ್ ಅವರ್, ಎರಡನೆಯದು 29,000 ಇದ್ದರೆ ಉಳಿದಿರುವ ಸಾಮರ್ಥ್ಯ ಸುಮಾರು 69 ಪ್ರತಿಶತ. ಇಷ್ಟಕ್ಕೇ ಬ್ಯಾಟರಿ ಬದಲಿಸಬೇಕೆಂದೇನಿಲ್ಲ, ಎರಡು ಗಂಟೆಯ ಕೆಲಸ ಸಾಕೆನ್ನುವವರು ಇನ್ನೊಂದು ವರ್ಷ ತಳ್ಳಬಹುದು. ಆದರೆ ಪರದೆ 30 ಪ್ರತಿಶತ ತೋರಿಸುತ್ತಿರುವಾಗಲೇ ಯಂತ್ರ ಧುತ್ತನೆ ಆರಿಹೋಗುತ್ತಿದ್ದರೆ ವರದಿಯ ಅಂಕಿ ನಂಬುವಂತಿಲ್ಲ: ಸೆಲ್‌ಗಳ ಆಂತರಿಕ ರೋಧ (ವಿದ್ಯುತ್ ಹರಿವಿಗೆ ಒಳಗಿನ ತಡೆ) ಹೆಚ್ಚಿ, ಪ್ರೊಸೆಸರ್ ಒಮ್ಮೆಲೇ ಹೆಚ್ಚು ವಿದ್ಯುತ್ ಬೇಡಿದಾಗ ವೋಲ್ಟೇಜು ಕುಸಿಯುತ್ತಿದೆ ಎಂದರ್ಥ.

ಬದಲಿಸುವಾಗಿನ ಆಯ್ಕೆಯಲ್ಲೇ ಹೆಚ್ಚು ಮಂದಿ ಮೋಸಹೋಗುತ್ತಾರೆ. ಲ್ಯಾಪ್‌ಟಾಪಿನ ಮಾದರಿ ಸಂಖ್ಯೆ ಹೇಳಿ ತರಿಸಿದರೆ ಸಾಲದು. ಒಂದೇ ಮಾದರಿಗೆ ಎರಡು ಮೂರು ಬಗೆಯ ಬ್ಯಾಟರಿಗಳಿರುವುದುಂಟು. ಹಳೆಯ ಬ್ಯಾಟರಿಯನ್ನು ಯಂತ್ರದಿಂದ ಹೊರತೆಗೆದು, ಅದರ ಮೇಲಿನ ಪಾರ್ಟ್ ನಂಬರ್, ವೋಲ್ಟೇಜು, ವ್ಯಾಟ್ ಅವರ್ ಮೂರನ್ನೂ ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. 11.4 ವೋಲ್ಟ್, 3,600 ಮಿಲಿಆಂಪಿಯರ್ ಅವರ್ ಎಂದಿದ್ದರೆ ಎರಡನ್ನೂ ಗುಣಿಸಿ ಸಾವಿರದಿಂದ ಭಾಗಿಸಿದಾಗ ಸುಮಾರು 41 ವ್ಯಾಟ್ ಅವರ್ ಬರಬೇಕು. ನಕಲಿ ಲೇಬಲ್‌ಗಳಲ್ಲಿ ಈ ಗುಣಾಕಾರವೇ ತಾಳೆಯಾಗದಿರುವುದನ್ನು ನಾನು ಎಷ್ಟೋ ಬಾರಿ ಕಂಡಿದ್ದೇನೆ. ಅದೇ ಅಳತೆ, ಅದಕ್ಕಿಂತ ಕಡಿಮೆ ತೂಕ, ಆದರೂ ಮೂಲಕ್ಕಿಂತ ಹೆಚ್ಚು ಸಾಮರ್ಥ್ಯ ಎಂದು ಬರೆದಿದ್ದರೆ ಮರಳಿಸಿ. ಭಾರತದಲ್ಲಿ ಮಾರುವ ಇಂಥ ಬ್ಯಾಟರಿಗಳಿಗೆ ಐಎಸ್ 16046 ಮಾನಕದಡಿ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಕಡ್ಡಾಯ, ಆ ಗುರುತು ಲೇಬಲ್ ಮೇಲಿರಬೇಕು. ತಯಾರಾದ ತಿಂಗಳನ್ನೂ ಕೇಳಿ ತಿಳಿದುಕೊಳ್ಳಿ. ಕಪಾಟಿನಲ್ಲಿ ಮೂರು ವರ್ಷ ಕುಳಿತದ್ದು ಡಬ್ಬಿ ಒಡೆಯದಿದ್ದರೂ ಹೊಸದಲ್ಲ.

ಹೊಸ ಲ್ಯಾಪ್‌ಟಾಪ್ ಕೊಳ್ಳುವವರು ರ‍್ಯಾಮ್, ಎಸ್‌ಎಸ್‌ಡಿ ವಿಚಾರಿಸುವಷ್ಟೇ ಆಸ್ಥೆಯಿಂದ ಎರಡು ಪ್ರಶ್ನೆ ಕೇಳಲಿ ಎಂಬುದು ನನ್ನ ಆಸೆ: ಚಾರ್ಜಿಗೆ ಮಿತಿ ಹಾಕುವ ಸೌಲಭ್ಯ ಇದೆಯೇ, ಬ್ಯಾಟರಿಯನ್ನು ಸ್ಕ್ರೂನಿಂದ ಕೂರಿಸಿದ್ದಾರೋ ಅಂಟಿನಿಂದಲೋ. ಅಂಟಿಸಿದ ಸೆಲ್ಲನ್ನು ಬಾಗಿಸದೆ ಎಬ್ಬಿಸುವುದು ನುರಿತ ಕೈಗೂ ಕಷ್ಟ. ಉಬ್ಬಿದ್ದನ್ನು ಎಬ್ಬಿಸುವಾಗಲಂತೂ ಲೋಹದ ಉಪಕರಣವನ್ನೇ ನಾನು ಮುಟ್ಟುವುದಿಲ್ಲ, ಚೀಲ ತೂತಾದರೆ ಬೆಂಕಿ ಹೊತ್ತಿಕೊಳ್ಳಬಹುದು.

ಅದೇ ಕಾರಣಕ್ಕೆ, ಉಬ್ಬಿದ ಬ್ಯಾಟರಿ ಕಂಡಾಗ ಯಂತ್ರವನ್ನು ಆರಿಸಿ, ಚಾರ್ಜರ್ ಕಿತ್ತು, ಬಿಚ್ಚಬಲ್ಲವರ ಬಳಿ ಒಯ್ಯಿರಿ. ಒತ್ತಿ ಚಪ್ಪಟೆ ಮಾಡಲು ಹೋಗಬೇಡಿ, ಕಸದ ಗಾಡಿಗೂ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿ ಮುಗಿದ ಬ್ಯಾಟರಿಗಳ ಸಂಗ್ರಹಣೆಯ ಹೊಣೆ ಉತ್ಪಾದಕರದು. ಉಪನ್ಯಾಸಕರ ಆ ಸೆಲ್‌ಗಳ ತುದಿಗಳಿಗೆ ಇನ್ಸುಲೇಷನ್ ಟೇಪು ಸುತ್ತಿ, ಅಂಗಡಿಯ ಹಿಂದಿನ ನೆರಳಿನಲ್ಲಿರುವ ಮರಳಿನ ಬಕೆಟ್‌ನಲ್ಲಿ ಇಟ್ಟಿದ್ದೆ. ಮರುಬಳಕೆದಾರರ ಗಾಡಿ ಬರುವವರೆಗೆ ಅವು ಅಲ್ಲಿಯೇ ಇದ್ದವು.