ಅಳಬೇಡಿ ಅನ್ನುವ ಮೊದಲು

ಐಸಿಯು ಹೊರಗಿನ ಬೆಂಚಿನ ಮೇಲೆ ಕೂತಿದ್ದ ಒಬ್ಬ ಹೆಣ್ಣುಮಗಳು ಮೊನ್ನೆ ನನ್ನ ಹತ್ತಿರ ಕ್ಷಮೆ ಕೇಳಿದರು. ಒಳಗೆ ಅವರ ಗಂಡ ವೆಂಟಿಲೇಟರ್‌ನಲ್ಲಿ ಹನ್ನೊಂದನೇ ದಿನ ಕಳೆಯುತ್ತಿದ್ದರು. "ಅಯ್ಯನವರೇ, ಈಗ ತಾನೇ ಅತ್ತುಬಿಟ್ಟೆ. ವಿಶ್ವಾಸಿ ಆಗಿದ್ದುಕೊಂಡು ಹೀಗೆ ಅಳಬಾರದಿತ್ತು" ಅಂದರು. ಹೇಳುತ್ತಲೇ ಕರ್ಚೀಫನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಬಿಗಿಯಾಗಿ ಸುತ್ತುವುದು. ಬೆರಳ ತುದಿ ಬಿಳಚಿಕೊಂಡಿತ್ತು.

ಆ ಮಾತು ಅವರಿಗೆ ಎಲ್ಲಿಂದ ಬಂತು ಅಂತ ಕೇಳಬೇಕಾಗಿರಲಿಲ್ಲ. ಸ್ವಲ್ಪ ಹೊತ್ತಿನ ಮುಂಚೆ ಅವರ ಚರ್ಚಿನ ಸಭೆಯವರು ನಾಲ್ಕು ಜನ ಬಂದು ಪ್ರಾರ್ಥನೆ ಮಾಡಿ ಹೋಗಿದ್ದರು. ಒಳ್ಳೆಯ ಜನ, ಕೆಲಸ ಬಿಟ್ಟು ಬಂದವರು. ಹೊರಡುವಾಗ ಒಬ್ಬರು ಭುಜ ತಟ್ಟಿ, "ಅಳಬೇಡಿ, ಧೈರ್ಯವಾಗಿರಿ, ಎಲ್ಲಾ ಒಳ್ಳೇದಕ್ಕೇ" ಅಂದಿದ್ದು ನನ್ನ ಕಿವಿಗೂ ಬಿದ್ದಿತ್ತು. ನಾನು ಆಸ್ಪತ್ರೆಯಲ್ಲಿ ಚಾಪ್ಲಿನ್, ಅಂದರೆ ರೋಗಿಗಳ ಮತ್ತು ಮನೆಯವರ ಜೊತೆಗಿರುವ ಪಾದ್ರಿ, ಆಗಿ 20 ವರ್ಷಕ್ಕಿಂತ ಜಾಸ್ತಿ ಆಯಿತು. ಈ ಮಾತನ್ನು ಎಷ್ಟು ಹಾಸಿಗೆಗಳ ಪಕ್ಕ ಕೇಳಿದ್ದೇನೋ ಲೆಕ್ಕ ಇಲ್ಲ. ಪ್ರತಿ ಸಲವೂ ಸಂಕಟ ಆಗುತ್ತದೆ, ಸಿಟ್ಟೂ ಬರುತ್ತದೆ. ಹೇಳಿದವರು ಹೊರಟುಹೋಗುತ್ತಾರೆ. ಕೇಳಿಸಿಕೊಂಡವರು ಅದೇ ಬೆಂಚಿನ ಮೇಲೆ ಉಳಿಯುತ್ತಾರೆ. ಇದ್ದ ದುಃಖದ ಮೇಲೆ, ದುಃಖಪಟ್ಟಿದ್ದೇ ತಪ್ಪು ಅನ್ನುವ ಕೊರಗು ಬೇರೆ.

ಕ್ರೈಸ್ತ ವಿಶ್ವಾಸ ಕಷ್ಟವನ್ನು ನೋಡುವ ಕಣ್ಣನ್ನೇ ಬದಲಾಯಿಸುತ್ತದೆ. ಕಣ್ಣಾರೆ ಕಂಡಿದ್ದೇನೆ, ಅದಕ್ಕೇ ಈ ಕೆಲಸದಲ್ಲಿ ಇದ್ದೇನೆ. ಆದರೆ ಆ ಬದಲಾವಣೆ ಎಂಥದ್ದು ಅನ್ನುವಲ್ಲಿ ಜನ ಎಡವುತ್ತಾರೆ. ವಿಶ್ವಾಸ ಇದ್ದರೆ ನೋವು ಕಡಿಮೆ ಆಗಬೇಕು, ಮುಖದಲ್ಲಿ ಕಳೆ ಇರಬೇಕು, ಬಾಯಲ್ಲಿ ಸ್ತೋತ್ರ ಇರಬೇಕು ಅಂದುಕೊಳ್ಳುತ್ತಾರೆ. ಕೆಲವರಿಗೆ ಹಾಗೂ ಆಗುತ್ತದೆ, ಇಲ್ಲ ಅನ್ನುವುದಿಲ್ಲ. ನಾನು ನೋಡಿದ ಹೆಚ್ಚಿನವರಿಗೆ ನೋವು ಇದ್ದಷ್ಟೇ ಇತ್ತು. ಅದನ್ನು ಯಾರ ಮುಂದೆ ಇಡುವುದು ಅನ್ನುವುದು ಮಾತ್ರ ಬದಲಾಗಿತ್ತು.

ಲಾಜರನ ಕಥೆ ನಮಗೆಲ್ಲ ಬಾಯಿಪಾಠ. ಯೋಹಾನನ ಸುವಾರ್ತೆ, 11ನೇ ಅಧ್ಯಾಯ. ಆದರೂ ಇನ್ನೊಂದು ಸಲ ನಿಧಾನವಾಗಿ ಓದಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಯೇಸುಸ್ವಾಮಿ ಬರುವ ಹೊತ್ತಿಗೆ ಲಾಜರನನ್ನು ಸಮಾಧಿಯಲ್ಲಿ ಇಟ್ಟು ನಾಲ್ಕು ದಿನ ಆಗಿದೆ. ಅವನ ಸಹೋದರಿ ಮಾರ್ಥ ಎದುರುಗೊಂಡು ಹೋಗುತ್ತಾಳೆ. "ಕರ್ತನೇ, ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ" ಅನ್ನುತ್ತಾಳೆ. ಆಮೇಲೆ ಇನ್ನೊಬ್ಬ ಸಹೋದರಿ ಮರಿಯ ಬರುತ್ತಾಳೆ. ಅವಳದ್ದೂ ಅದೇ ಮಾತು. ಇಬ್ಬರೂ ದೂರುತ್ತಿದ್ದಾರೆ, ಅಲ್ವಾ? ಕರೆದಾಗ ನೀನು ಬರಲಿಲ್ಲ ಅಂತ. ಆ ದೂರಿಗೆ ಯೇಸುಸ್ವಾಮಿ ಇಬ್ಬರನ್ನೂ ಗದರಲಿಲ್ಲ. ಮಾರ್ಥಳಿಗೆ ಪುನರುತ್ಥಾನದ, ಅಂದರೆ ಸತ್ತವರು ಮತ್ತೆ ಏಳುವ, ಮಾತು ಹೇಳಿದರು. ಅದೇ ಮಾತು ಆಡಿದ ಮರಿಯಳಿಗೆ ಉಪದೇಶವನ್ನೇ ಮಾಡಲಿಲ್ಲ. "ಅವನನ್ನು ಎಲ್ಲಿ ಇಟ್ಟಿದ್ದೀರಿ?" ಅಂತ ಕೇಳಿದರು, ಅಷ್ಟೇ. ಆಮೇಲೆ ಅತ್ತರು.

ಇಲ್ಲೇ ಸ್ವಲ್ಪ ನಿಲ್ಲಿ. ಅಳುವಾಗ ಅವರಿಗೆ ಮುಂದೆ ಏನಾಗುತ್ತದೆ ಅಂತ ಗೊತ್ತಿತ್ತು. ಲಾಜರನನ್ನು ಎಬ್ಬಿಸಲು ಹೋಗುತ್ತೇನೆ ಅಂತ ಶಿಷ್ಯರಿಗೆ ಹೇಳಿಯೇ ಹೊರಟಿದ್ದರು. ಇನ್ನು ಸ್ವಲ್ಪ ಹೊತ್ತಿಗೆ ಅವನು ಎದ್ದು ಬರುತ್ತಾನೆ ಅಂತ ಗೊತ್ತಿದ್ದೂ ಅತ್ತರು. ನಿರೀಕ್ಷೆ ಇದ್ದವರು ಅಳಬಾರದು ಅನ್ನುವ ನಿಯಮ ಇದ್ದಿದ್ದರೆ, ಅದನ್ನು ಮೊದಲು ಮುರಿದವರು ಯೇಸುಸ್ವಾಮಿಯೇ. ಇದನ್ನು ಎಷ್ಟು ಸಲ ಹೇಳಿದರೂ ಜನ ತಲೆಯಾಡಿಸಿ, ಮುಂದಿನ ವಾರ ಮತ್ತೆ ಯಾರದೋ ಹಾಸಿಗೆ ಪಕ್ಕ ನಿಂತು "ಅಳಬೇಡಿ" ಅನ್ನುತ್ತಾರೆ.

ಬೈಬಲ್‌ನ ಕೀರ್ತನೆಗಳ ಪುಸ್ತಕದಲ್ಲಿ 150 ಕೀರ್ತನೆಗಳಿವೆ. ಸುಮಾರು ಮೂರರಲ್ಲಿ ಒಂದು ಪಾಲು ಗೋಳಾಟವೇ. "ಯೆಹೋವನೇ, ಇನ್ನೆಷ್ಟರ ವರೆಗೆ ನನ್ನನ್ನು ಮರೆತಿರುವಿ?" ಅಂತ 13ನೇ ಕೀರ್ತನೆ ಶುರುವಾಗುತ್ತದೆ. ಇನ್ನು ಎಲ್ಲರಿಗೂ ಪ್ರೀತಿಯ 23ನೇ ಕೀರ್ತನೆ. ಅದರಲ್ಲಿ ಒಂದು ಸೂಕ್ಷ್ಮ ಇದೆ. ಮೊದಲ ಮೂರು ವಚನ ದೇವರ ಬಗ್ಗೆ. ಆತನು ಹಸಿರುಗಾವಲಿಗೆ ಕರೆದೊಯ್ಯುತ್ತಾನೆ, ಆತನು ನೀರಿನ ಬಳಿಗೆ ನಡೆಸುತ್ತಾನೆ. ನಾಲ್ಕನೇ ವಚನದಲ್ಲಿ ಕಾರ್ಗತ್ತಲಿನ ಕಣಿವೆ ಬರುತ್ತದೆ. ಆ ಕ್ಷಣಕ್ಕೆ "ಆತನು" ಹೋಗಿ "ನೀನು" ಆಗುತ್ತದೆ. "ನೀನು ಹತ್ತಿರವಿರುವುದರಿಂದ ಕೇಡಿಗೆ ಹೆದರೆನು." ಹುಲ್ಲುಗಾವಲಲ್ಲಿ ಇದ್ದಷ್ಟು ಹೊತ್ತು ದೇವರ ಬಗ್ಗೆ ಮಾತಾಡುತ್ತಿದ್ದವನು ಕಣಿವೆಗೆ ಇಳಿದಾಗ ದೇವರ ಜೊತೆಗೇ ಮಾತಾಡತೊಡಗುತ್ತಾನೆ. ನಾನು ಇಷ್ಟು ವರ್ಷ ವಾರ್ಡುಗಳಲ್ಲಿ ಕಂಡ ಬದಲಾವಣೆ ಇದೇ. ಕಣಿವೆ ಎಲ್ಲಿಗೂ ಹೋಗುವುದಿಲ್ಲ.

ಕ್ಯಾನ್ಸರ್ ವಾರ್ಡಿನಲ್ಲಿ ಒಬ್ಬ ಹಿರಿಯರಿದ್ದರು. ಜೀವನಪೂರ್ತಿ ಸಭೆಯ ಹಿರಿಯರಾಗಿದ್ದವರು. ಪ್ರಾರ್ಥನೆ ಮಾಡೋಣವಾ ಅಂದರೆ ಬೇಡ ಅನ್ನುತ್ತಿದ್ದರು. ಮೂರನೇ ದಿನ ಕಾರಣ ಹೇಳಿದರು: "ಬಾಯಿ ತೆಗೆದರೆ ಏನು ಬಂದುಬಿಡುತ್ತದೋ ಅಂತ ಭಯ, ಅಯ್ಯನವರೇ." ನಾನು 88ನೇ ಕೀರ್ತನೆ ತೆರೆದು ಅವರ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು, ಸಾಲಿನ ಕೆಳಗೆ ಬೆರಳು ಇಟ್ಟುಕೊಂಡು ಓದಿದರು. ಡ್ರಿಪ್ ಹಾಕಿದ್ದ ಕೈ, ನಡುಗುತ್ತಿತ್ತು. ಆ ಕೀರ್ತನೆ ಬೇರೆಯವುಗಳ ಹಾಗೆ ಕೊನೆಗೆ ಸ್ತೋತ್ರಕ್ಕೆ ತಿರುಗುವುದಿಲ್ಲ. ಕತ್ತಲೆಯಲ್ಲೇ ಮುಗಿಯುತ್ತದೆ. ಓದಿ ಮುಗಿಸಿ ಪುಟ ತಿರುಗಿಸಿ ನೋಡಿದರು, ಮುಂದೆ ಏನಾದರೂ ಇದೆಯೇನೋ ಅಂತ. ಆಮೇಲೆ ಕೇಳಿದರು: "ಇದು ಬೈಬಲ್‌ನಲ್ಲೇ ಇದೆಯಾ? ಇಷ್ಟು ವರ್ಷ ನಾನು ಓದಿಯೇ ಇಲ್ವಾ?" ಆ ಸಂಜೆ ಅವರು ಪ್ರಾರ್ಥನೆ ಮಾಡಿದರು. ಕೇಳಲು ಚೆಂದವಾಗಿರಲಿಲ್ಲ. ನಾನು ಜೀವನದಲ್ಲಿ ಕೇಳಿದ ಅತಿ ನಿಜವಾದ ಪ್ರಾರ್ಥನೆಗಳಲ್ಲಿ ಅದೂ ಒಂದು.

"ದೇವರು ನನ್ನನ್ನು ಕೈಬಿಟ್ಟ" ಅಂತ ಒಳಗೊಳಗೇ ನಂಬಿ ಬಾಯಿ ಮುಚ್ಚಿಕೊಳ್ಳುವುದು ಬೇರೆ. "ಯಾಕೆ ಕೈಬಿಟ್ಟೆ?" ಅಂತ ಅವನನ್ನೇ ಕೇಳುವುದು ಬೇರೆ. ಶಿಲುಬೆಯ ಮೇಲೆ ಯೇಸುಸ್ವಾಮಿ ಕೂಗಿದ್ದು ಎರಡನೆಯದು, ಅದೂ 22ನೇ ಕೀರ್ತನೆಯ ಮೊದಲ ಸಾಲು: "ನನ್ನ ದೇವರೇ, ನನ್ನ ದೇವರೇ." ಕೈಬಿಟ್ಟೆ ಅನ್ನುವಾಗಲೂ "ನನ್ನ" ಅನ್ನುವುದನ್ನು ಬಿಡಲಿಲ್ಲ. ಹೀಗೆ ಕೇಳುವುದನ್ನು ಅವಿಶ್ವಾಸ ಅಂತ ಕರೆಯುವವರಿಗೆ ನಾನು ಇದಕ್ಕಿಂತ ಜಾಸ್ತಿ ಏನು ಹೇಳಲಿ?

ಈಗ "ಎಲ್ಲಾ ಒಳ್ಳೇದಕ್ಕೇ." ಈ ಮಾತಿನಲ್ಲಿ ನನ್ನದೂ ತಪ್ಪಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಹುಟ್ಟಿದ ಎರಡನೇ ದಿನ ಮಗುವನ್ನು ಕಳೆದುಕೊಂಡ ತಂದೆಗೆ ನಾನು ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದ 28ನೇ ವಚನ ಓದಿದೆ. ಆತ ಏನೂ ಹೇಳಲಿಲ್ಲ. ಮಗುವಿಗೆ ಅಂತ ತಂದಿದ್ದ ಪುಟ್ಟ ಟೋಪಿ ಕೈಯಲ್ಲಿತ್ತು. ಅದನ್ನು ಮಡಿಚಿ ಜೇಬಿಗೆ ಹಾಕಿಕೊಂಡು ಎದ್ದು ಹೋದ. ಆ ಟೋಪಿ ಇವತ್ತಿಗೂ ಕಣ್ಣ ಮುಂದೆ ಇದೆ.

ಆ ವಚನ ಸುಳ್ಳಲ್ಲ. ನಾನು ಅದನ್ನು ಈಗಲೂ ನಂಬುತ್ತೇನೆ. ಆದರೆ ಆಗಿದ್ದೆಲ್ಲ ಒಳ್ಳೆಯದು ಅಂತ ಅದು ಹೇಳುವುದಿಲ್ಲ. ತನ್ನನ್ನು ಪ್ರೀತಿಸುವವರ ಹಿತಕ್ಕಾಗಿ ದೇವರು ಎಲ್ಲದರಲ್ಲೂ ಕೆಲಸ ಮಾಡುತ್ತಾನೆ ಅನ್ನುತ್ತದೆ. ಕೂಸು ಸತ್ತದ್ದು ಒಳ್ಳೆಯದಲ್ಲ. ಒಳ್ಳೆಯದು ಅಂತ ಬೈಬಲ್ ಎಲ್ಲೂ ಹೇಳುವುದೂ ಇಲ್ಲ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ, ಈ ಎರಡೂ ಪತ್ರ ಬರೆದ ಅಪೊಸ್ತಲ ಪೌಲ ಸಾವನ್ನು ಕರೆಯುವುದು ಶತ್ರು ಅಂತ. ಆ 28ನೇ ವಚನಕ್ಕೆ ಎರಡೇ ವಚನ ಮುಂಚೆ, ಮಾತೇ ಹೊರಡದಾಗ ಪವಿತ್ರಾತ್ಮನೇ ನಮಗಾಗಿ ನರಳಾಟದಿಂದ ಬೇಡುತ್ತಾನೆ ಅಂತ ಬರೆದಿದೆ. ನರಳಾಟವನ್ನು ಬಿಟ್ಟು ನೇರ ಸಮಾಧಾನಕ್ಕೆ ಹಾರಲು ಆ ಅಧ್ಯಾಯ ನಮಗೆ ದಾರಿ ಕೊಡುವುದಿಲ್ಲ.

ಪ್ರವಾದಿ ಯೆರೆಮೀಯನ ಪುಸ್ತಕದ 29ನೇ ಅಧ್ಯಾಯದ 11ನೇ ವಚನಕ್ಕೂ ಇದೇ ಗತಿ. ನಿಮಗೆ ನಿರೀಕ್ಷೆಯನ್ನೂ ಮುಂದಿನ ದಿನಗಳನ್ನೂ ಕೊಡುವ ಯೋಚನೆ ನನ್ನದು ಅನ್ನುವ ಆ ವಚನವನ್ನು ಜನ ಗೋಡೆಗೆ ಹಾಕುತ್ತಾರೆ. ಅದರ ಹಿಂದಿನ ವಚನ ಓದುವುದಿಲ್ಲ. ಬಾಬೆಲಿನಲ್ಲಿ 70 ವರ್ಷ ಕಳೆದ ಮೇಲೆ ಅಂತ ಅಲ್ಲಿದೆ. ಸೆರೆಯಾಗಿ ಹೋಗಿದ್ದವರಿಗೆ ಬರೆದ ಪತ್ರ ಅದು. ಕೇಳಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಊರಿಗೆ ಮರಳುವುದನ್ನು ನೋಡಲು ಬದುಕಿರುವ ಹಾಗೇ ಇರಲಿಲ್ಲ. ಅವರಿಗೆ ದೇವರು ಹೇಳಿದ್ದು ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಇರುವ ಪಟ್ಟಣಕ್ಕಾಗಿ ಪ್ರಾರ್ಥಿಸಿ ಅಂತ. ಕಷ್ಟ ತಕ್ಷಣ ಮುಗಿಯದೇ ಇದ್ದಾಗ ಅದರೊಳಗೇ ಬದುಕುವುದನ್ನು ಕಲಿಸುವ ವಾಕ್ಯ. ದೀರ್ಘ ಕಾಯಿಲೆಯವರಿಗೆ ನಾನು ಈ ಅಧ್ಯಾಯವನ್ನು ಪೂರ್ತಿ ಓದಿ ಹೇಳುತ್ತೇನೆ. ಡಯಾಲಿಸಿಸ್‌ಗೆ ಬರುವವರಿಗೆ ಅದು ಚೆನ್ನಾಗಿ ಅರ್ಥ ಆಗುತ್ತದೆ.

ಇನ್ನೊಂದು ಮಾತು ಇದಕ್ಕಿಂತ ಕೆಟ್ಟದ್ದು. "ಏನೋ ಪಾಪ ಇದೆ, ಅದಕ್ಕೇ ಹೀಗಾಗಿದೆ. ಶೋಧಿಸಿ ನೋಡಿಕೊಳ್ಳಿ." ಹುಟ್ಟು ಕುರುಡನನ್ನು ನೋಡಿ ಶಿಷ್ಯರು ಇದನ್ನೇ ಕೇಳಿದ್ದರು. ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಯೋ? ಎರಡೂ ಅಲ್ಲ ಅಂದುಬಿಟ್ಟರು ಯೇಸುಸ್ವಾಮಿ. ಈ ಮಾತಿನಿಂದ ಆಗುವ ಹಾನಿ ಸುಮ್ನೆ ಮನಸ್ಸಿನದ್ದಷ್ಟೇ ಅಲ್ಲ ಅಂತ ನನಗನ್ನಿಸುತ್ತದೆ. ಕೆನ್ನೆತ್ ಪಾರ್ಗಮೆಂಟ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಮತ್ತು ಜೊತೆಗಾರರು 2001ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆಸ್ಪತ್ರೆಗೆ ಸೇರಿದ್ದ, 55 ದಾಟಿದ ಸುಮಾರು 600 ಜನರನ್ನು ಎರಡು ವರ್ಷ ಗಮನಿಸಿದ್ದರು. ದೇವರು ನನ್ನನ್ನು ಬಿಟ್ಟುಬಿಟ್ಟ, ಅವನಿಗೆ ನನ್ನ ಮೇಲೆ ಪ್ರೀತಿ ಇಲ್ಲ ಅಂದುಕೊಂಡವರಲ್ಲಿ ಸಾವಿನ ಸಂಭವ ಜಾಸ್ತಿ ಕಂಡಿತು. ಕಾಯಿಲೆಯ ತೀವ್ರತೆಯನ್ನು ಲೆಕ್ಕಕ್ಕೆ ಹಿಡಿದ ಮೇಲೂ ಅದು ಉಳಿಯಿತು. ಒಂದೇ ಅಧ್ಯಯನದಿಂದ ಇದೇ ಕಾರಣ ಅನ್ನಲು ಬರುವುದಿಲ್ಲ. ಆದರೂ ಒಬ್ಬ ರೋಗಿಯ ತಲೆಯಲ್ಲಿ ಆ ಯೋಚನೆ ಬಿತ್ತುವ ಮುಂಚೆ ನಾಲಿಗೆ ಕಚ್ಚಿಕೊಳ್ಳಲು ನನಗೆ ಇಷ್ಟು ಸಾಕು.

ಇದೇ ಉಸಿರಿನಲ್ಲಿ ಇನ್ನೂ ಒಂದು. ಮನೆಯಲ್ಲಿ ಏಟು ತಿನ್ನುವ ಹೆಂಗಸಿಗೆ "ಇದು ನಿನ್ನ ಶಿಲುಬೆ, ಹೊರು" ಅನ್ನಬೇಡಿ. ದಯವಿಟ್ಟು. ಶಿಲುಬೆ ಹೊರುವುದು ಅಂದರೆ ಕ್ರಿಸ್ತನನ್ನು ಹಿಂಬಾಲಿಸಲು ತಾನಾಗಿ ಒಪ್ಪಿ ಹೊರುವುದು. ಇನ್ನೊಬ್ಬರ ಕ್ರೌರ್ಯವನ್ನು ಮುಚ್ಚಿಡುವುದಕ್ಕೆ ಆ ಹೆಸರು ಇಲ್ಲ. ಬಾಧೆಗಳಲ್ಲೂ ಉಲ್ಲಾಸಪಡುತ್ತೇವೆ ಅಂತ ಬರೆದ ಪೌಲನೇ, ಚಾವಟಿಯಿಂದ ಹೊಡೆಯಲು ಕಟ್ಟಿದಾಗ, ರೋಮಾಪುರದ ಹಕ್ಕುಳ್ಳವನನ್ನು ವಿಚಾರಣೆ ಇಲ್ಲದೆ ಹೊಡೆಯುವುದು ನ್ಯಾಯವೋ ಅಂತ ಕೇಳಿ ಏಟು ತಪ್ಪಿಸಿಕೊಂಡ. ದಮಸ್ಕದಲ್ಲಿ ಬುಟ್ಟಿಯಲ್ಲಿ ಕೂತು ಗೋಡೆಯಿಂದ ಕೆಳಗೆ ಇಳಿದು ಪಾರಾದ. ತಪ್ಪಿಸಬಹುದಾದ ನೋವನ್ನು ತಪ್ಪಿಸಿಕೊಳ್ಳುವುದು ವಿಶ್ವಾಸಕ್ಕೆ ವಿರೋಧ ಅಲ್ಲ. ಅಂಥವರು ಮೊದಲು ಸುರಕ್ಷಿತವಾದ ಜಾಗ ಸೇರಬೇಕು. ಮಿಕ್ಕ ಮಾತೆಲ್ಲ ಆಮೇಲೆ.

ಔಷಧಿಗೂ ಇದೇ ಮಾತು. ನಾನು ವೈದ್ಯನಲ್ಲ. ನಿದ್ದೆ ಹೋಗಿ ವಾರಗಟ್ಟಲೆ ಆಗಿದ್ದರೆ, ಊಟ ಸೇರದಿದ್ದರೆ, ಸಾಯುವ ಯೋಚನೆ ಬರುತ್ತಿದ್ದರೆ ನಾನೇ ಕೈಹಿಡಿದು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಸಿಸಿಲಿ ಸಾಂಡರ್ಸ್ ನರ್ಸ್ ಆಗಿದ್ದವರು, ಆಮೇಲೆ ಸಮಾಜ ಸೇವಾ ವಿಭಾಗದಲ್ಲಿ ದುಡಿದು, ಕೊನೆಗೆ ಡಾಕ್ಟರ್ ಆದವರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್, ಅಂದರೆ ವಾಸಿಯಾಗದವರನ್ನು ಕೊನೆವರೆಗೂ ನೋಡಿಕೊಳ್ಳುವ ಮನೆ, ಶುರುಮಾಡಿದರು. ಆಳವಾದ ಕ್ರೈಸ್ತ ವಿಶ್ವಾಸ ಅವರದ್ದು. ಅದು ಅವರಿಂದ "ಸಹಿಸಿಕೊಳ್ಳಿ" ಅನ್ನಿಸಲಿಲ್ಲ. ನೋವು ಮರಳುವ ಮೊದಲೇ ಹೊತ್ತುಹೊತ್ತಿಗೆ ಮಾರ್ಫಿನ್ ಕೊಡಿಸಿತು. ದೇಹದ ನೋವು, ಮನಸ್ಸಿನ ನೋವು, ಮನೆಯವರ ಚಿಂತೆ, ದೇವರ ಜೊತೆಗಿನ ಜಗಳ, ಎಲ್ಲ ಸೇರಿ ಒಂದೇ ನೋವು ಅಂತ ಅವರು ಕಲಿಸಿದರು. ನಮ್ಮ ಕೆಲಸಕ್ಕೆ ವಾರ್ಡಿನಲ್ಲಿ ಒಂದು ಕುರ್ಚಿ ಸಿಕ್ಕಿದ್ದರಲ್ಲಿ ಅವರ ಪಾಲು ದೊಡ್ಡದು.

ವಾಸಿಯಾಗದವರ ಜೊತೆ ಕೂತಾಗ ನನಗೆ ಜಾಸ್ತಿ ನೆನಪಾಗುವುದು ಯೇಸುಸ್ವಾಮಿಯ ಶಿಷ್ಯ ತೋಮ. ಸಾವಿನಿಂದ ಎದ್ದು ಬಂದ ಯೇಸುಸ್ವಾಮಿ ಅವನಿಗೆ ತೋರಿಸಿದ್ದು ಗಾಯಗಳನ್ನು. ಪುನರುತ್ಥಾನ ಆದ ದೇಹದಲ್ಲೂ ಮೊಳೆಯ ಗುರುತು ಹಾಗೇ ಇತ್ತು. ಅನುಭವಿಸಿದ್ದನ್ನು ಅಳಿಸಿಹಾಕಿ ಏನೂ ಆಗಿಲ್ಲ ಅನ್ನುವಂಥ ಜೀವ ಅದಲ್ಲ. ಕಾಲು ಕಳೆದುಕೊಂಡ ಒಬ್ಬ ಯುವಕನಿಗೆ ಇದನ್ನು ಹೇಳಿದಾಗ ಅವನು ತುಂಬಾ ಹೊತ್ತು ಸುಮ್ಮನಿದ್ದ. "ಹಾಗಾದ್ರೆ ನಾನು ನಾಟಕ ಮಾಡಬೇಕಾಗಿಲ್ಲ" ಅಂದ.

ರೋಗಿಯನ್ನು ನೋಡಲು ಹೋಗುವವರು ಏನು ಮಾಡಬೇಕು ಅಂತ ಕೇಳುತ್ತಾರೆ. ಬೈಬಲ್‌ನಲ್ಲಿ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಗೆಳೆಯರು ಮೊದಲ ಏಳು ದಿನ ನೆಲದ ಮೇಲೆ ಅವನ ಪಕ್ಕ ಮಾತಿಲ್ಲದೆ ಕೂತರು. ಅಲ್ಲಿವರೆಗೂ ಅವರು ಸರಿಯಾಗೇ ಇದ್ದರು. ಬಾಯಿ ಬಿಟ್ಟ ಮೇಲೆ ಕೆಟ್ಟಿತು. ಕೊನೆಗೆ ದೇವರು, ನೀವು ನನ್ನ ದಾಸನಾದ ಯೋಬನ ಹಾಗೆ ನನ್ನ ಬಗ್ಗೆ ಯುಕ್ತವಾಗಿ ಮಾತಾಡಲಿಲ್ಲ ಅಂತ ಅವರ ಮೇಲೆ ಕೋಪಗೊಂಡ. ನೆನಪಿಡಿ, ದೇವರ ಜೊತೆ ಜಗಳ ಆಡಿದ್ದು ಯೋಬ. ದೇವರ ಪರವಾಗಿ ವಾದ ಮಾಡಿದ್ದು ಗೆಳೆಯರು.

ಮೊನ್ನೆ ಆ ಬೆಂಚಿನ ಮೇಲೆ ನಾನು ಇಷ್ಟೆಲ್ಲ ಹೇಳಲಿಲ್ಲ. ಪಕ್ಕದಲ್ಲಿ ಕೂತೆ. ಲಾಜರನ ಸಮಾಧಿ ಹತ್ತಿರ ಯಾರು ಅತ್ತಿದ್ದು ಅಂತ ಮಾತ್ರ ಕೇಳಿದೆ. ಅವರಿಗೆ ಗೊತ್ತಿತ್ತು, ಆದರೆ ತಕ್ಷಣ ಉತ್ತರ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಒಳಗೆ, ಅವರ ಮುಂದೆ ಅಳಬಹುದಾ? ಅವರಿಗೆ ಕೇಳಿಸುತ್ತದೇನೋ" ಅಂದರು.

"ಕೇಳಿಸಿದರೆ ಕೇಳಿಸಲಿ ಅಮ್ಮ" ಅಂದೆ.

ನರ್ಸ್ ಬಾಗಿಲು ತೆರೆದು ಭೇಟಿಯ ಸಮಯ ಆಯಿತು ಅಂದರು. ಅವರು ಬೆರಳಿಗೆ ಸುತ್ತಿದ್ದ ಕರ್ಚೀಫನ್ನು ಬಿಚ್ಚಿ, ಕೈಯಲ್ಲೇ ಹಿಡಿದುಕೊಂಡು ಒಳಗೆ ಹೋದರು.