ಪಿಯಾನೊದಲ್ಲಿ ಮನೆ ಇಲ್ಲದ ಸ್ವರ

ಆಕೆ ಒಳ್ಳೆಯ ಪಿಯಾನೊ ವಾದಕಿ. ಜಾಝ್ ನುಡಿಸಿ ನುಡಿಸಿ ಪಳಗಿದ ಕೈ. ಅರಬ್ ಸಂಗೀತದ ಕಾರ್ಯಾಗಾರವೊಂದರ ಮೊದಲ ಬೆಳಗ್ಗೆ ಉಸ್ತಾದರು ಔದ್ ಎಂಬ ತಂತಿವಾದ್ಯದ ಮೇಲೆ ನಾಲ್ಕೇ ಸ್ವರಗಳ ಒಂದು ಪುಟ್ಟ ಸಂಚಾರ ನುಡಿಸಿದರು. ಪಾಶ್ಚಾತ್ಯ ಹೆಸರಿನಲ್ಲಿ ಹೇಳಿದರೆ ರೆ, ಮಿ, ಫಾ, ಸೋಲ್, ಮತ್ತೆ ಮೆಲ್ಲಗೆ ಇಳಿದು ರೆ. "ಇದನ್ನೇ ನುಡಿಸಿ ನೋಡೋಣ" ಅಂದರು. ಆಕೆ ಮಿ ಇರುವ ಬಿಳಿ ಮನೆ ಒತ್ತಿದರು. ಮೇಲಾಯಿತು. ಪಕ್ಕದ ಕಪ್ಪು ಮನೆ ಒತ್ತಿದರು. ಕೆಳಗಾಯಿತು. ಎರಡನ್ನೂ ಇನ್ನೊಂದು ಸಲ ಒತ್ತಿ, ಸ್ವಲ್ಪ ಹಿಂಜರಿಯುತ್ತಲೇ ಕೇಳಿದರು: "ಔದ್ ಶ್ರುತಿ ಸ್ವಲ್ಪ ಇಳಿದಿದೆಯಾ?"

ಉಸ್ತಾದರು ಉತ್ತರ ಕೊಡಲಿಲ್ಲ. ಅದೇ ಸ್ವರವನ್ನು ಐದು ಸಲ ಮೀಟಿದರು. ಐದೂ ಸಲ ಅದು ಒಂದೇ ಜಾಗಕ್ಕೆ ಬಂದು ಕೂತಿತು. ಶ್ರುತಿ ತಪ್ಪಿದ್ದರೆ ಹಾಗೆ ಕೂರುವುದಿಲ್ಲ, ಅಲ್ವಾ?

ಅಂಥ ಕಾರ್ಯಾಗಾರಗಳ ವಿಷಯ ಬಂದಾಗಲೆಲ್ಲ ನನಗೆ ನೆನಪಾಗುವುದು ಈ ಐದು ಮೀಟು. ಬೇರೆ ಸಂಗೀತದಿಂದ ಬಂದವರಿಗೆ ಅರಬ್ ಸಂಗೀತ ಕಲಿಸುವುದರ ಕಷ್ಟವೂ ಸೊಗಸೂ ಆ ಒಂದು ಸ್ವರದಲ್ಲೇ ಇದೆ.

ಪಿಯಾನೊ ಒಂದು ಸ್ಥಾಯಿಯನ್ನು 12 ಸಮಭಾಗ ಮಾಡುತ್ತದೆ. ಸ್ವರಗಳ ಅಂತರ ಅಳೆಯುವ ಮಾನ ಸೆಂಟ್: ಒಂದು ಭಾಗಕ್ಕೆ 100 ಸೆಂಟ್, ಇಡೀ ಸ್ಥಾಯಿಗೆ 1200 ಸೆಂಟ್. ಆಕೆ ಒತ್ತಿದ ಕಪ್ಪು ಮನೆಯ ಕಂಪನ ಸೆಕೆಂಡಿಗೆ ಸುಮಾರು 311. ಬಿಳಿ ಮನೆಯದು ಸುಮಾರು 330. ಔದ್‌ನ ಸ್ವರ ಇದ್ದದ್ದು ಇವೆರಡರ ನಡುವೆ, ಹೆಚ್ಚುಕಡಿಮೆ 320ರಲ್ಲಿ. ಬಯಾತಿ ಎಂಬ ಮಕಾಮ್‌ಗೆ ಅದೇ ಜೀವಾಳ. ಮಕಾಮ್ ಅಂದರೆ ಬರೀ ಸ್ವರಗಳ ಪಟ್ಟಿ ಅಲ್ಲ. ಯಾವ ಸ್ವರದಿಂದ ಹೊರಡಬೇಕು, ಎಲ್ಲಿ ನಿಲ್ಲಬೇಕು, ಯಾವ ದಾರಿಯಲ್ಲಿ ಮನೆಗೆ ಮರಳಬೇಕು ಎಂಬುದೂ ಅದರಲ್ಲೇ ಅಡಗಿದೆ. ರಾಗ ಗೊತ್ತಿರುವವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ.

ನಡುವಿನ ಈ ಸ್ವರ ಹೊಸದೇನಲ್ಲ. 8ನೇ ಶತಮಾನದ ಬಾಗ್ದಾದಿನಲ್ಲಿ ಮನ್ಸೂರ್ ಝಲ್ಝಲ್ ಎಂಬ ಔದ್ ವಾದಕರಿದ್ದರು. ತಂತಿಯ ಮೇಲೆ ಅವರು ನಡುಬೆರಳು ಇಡುತ್ತಿದ್ದ ಜಾಗಕ್ಕೇ ಅವರ ಹೆಸರು ಅಂಟಿಕೊಂಡಿತು: ಝಲ್ಝಲನ ವುಸ್ತಾ, ಅಂದರೆ ಝಲ್ಝಲನ ನಡುಬೆರಳು. 10ನೇ ಶತಮಾನದ ತತ್ವಜ್ಞಾನಿ ಅಲ್ ಫರಾಬಿ ಸಂಗೀತದ ಬಗ್ಗೆ ಬರೆದ ದೊಡ್ಡ ಗ್ರಂಥದಲ್ಲಿ ಇದನ್ನು ಲೆಕ್ಕದಲ್ಲೇ ಹಿಡಿದಿಟ್ಟರು. ಬಿಟ್ಟ ತಂತಿಗೂ ಆ ಬೆರಳಿಗೂ ಇರುವ ಅನುಪಾತ 27:22. ಈಗಿನ ಅಳತೆಯಲ್ಲಿ ಸುಮಾರು 355 ಸೆಂಟ್. ಪಿಯಾನೊದ 300ಕ್ಕೂ 400ಕ್ಕೂ ಸರಿಸುಮಾರು ನಡುವೆ! ಒಂದು ಬೆರಳು ಇಟ್ಟ ಜಾಗ ಸಾವಿರ ವರ್ಷ ದಾಟಿ ಬಂದಿದೆ ಅಂದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

19ನೇ ಶತಮಾನದಲ್ಲಿ ಮಿಖಾಯಿಲ್ ಮಿಶಾಖಾ ಎಂಬ ವಿದ್ವಾಂಸರು ಸ್ಥಾಯಿಯನ್ನು 24 ಕಾಲು ಸ್ವರಗಳಾಗಿ ವಿವರಿಸಿದರು. 1932ರಲ್ಲಿ ದೊರೆ ಮೊದಲನೇ ಫುಆದ್ ಅವರ ಆಶ್ರಯದಲ್ಲಿ ಕೈರೋದಲ್ಲಿ ಅರಬ್ ಸಂಗೀತದ ದೊಡ್ಡ ಸಮ್ಮೇಳನ ನಡೆಯಿತು. ಬೇಲಾ ಬಾರ್ಟೋಕ್, ಪಾಲ್ ಹಿಂಡೆಮಿಟ್ ಅವರಂಥ ಯುರೋಪಿನ ಸಂಗೀತಗಾರರೂ ಬಂದಿದ್ದರು. ಈ 24 ಭಾಗಗಳು ಸಮವಾಗಿರಬೇಕೇ ಎಂದು ಅಲ್ಲಿ ಭಾರಿ ಚರ್ಚೆ ನಡೆಯಿತು. ಒಮ್ಮತ ಹುಟ್ಟಲಿಲ್ಲ. ಹುಟ್ಟದೇ ಇದ್ದದ್ದೇ ಒಳ್ಳೆಯದಾಯಿತು ಅನ್ನುತ್ತೇನೆ. ಯಾಕೆಂದರೆ ಆ ಮಿ ಸ್ವರ ರಾಸ್ತ್ ಮಕಾಮ್‌ನಲ್ಲಿ ತುಸು ಮೇಲಿರುತ್ತದೆ, ಬಯಾತಿಯಲ್ಲಿ ತುಸು ಕೆಳಗೆ. ಸಿರಿಯಾದವರ ರಾಸ್ತ್‌ನಲ್ಲಿ ಅದು ಈಜಿಪ್ಟಿನವರದಕ್ಕಿಂತ ಎತ್ತರ. ಕಾಗದದ ಮೇಲೆ ಇವಕ್ಕೆಲ್ಲ ಒಂದೇ ಗುರುತು. ಕಿವಿಗೆ ಮಾತ್ರ ಬೇರೆ ಬೇರೆ.

ಹಾಗಾದರೆ ಆ ಪಿಯಾನೊ ವಾದಕಿಯ ಕಿವಿಯಲ್ಲಿ ಏನಾದರೂ ಕೊರತೆ ಇತ್ತೇ? ಇಲ್ಲ. 311 ಮತ್ತು 320 ಕಂಪನದ ಎರಡು ನಾದಗಳನ್ನು ಒಟ್ಟಿಗೆ ನುಡಿಸಿದರೆ ದನಿ ಸೆಕೆಂಡಿಗೆ 9 ಸಲ ನಡುಗುವುದು ಯಾರಿಗಾದರೂ ಕೇಳುತ್ತದೆ. ಕಿವಿ ಸರಿಯಾಗಿಯೇ ಅಳೆಯುತ್ತದೆ. ಅಳೆದದ್ದನ್ನು ಯಾವ ಡಬ್ಬಿಗೆ ಹಾಕಬೇಕು ಎಂದು ತೀರ್ಮಾನ ಮಾಡುವುದು ಮಿದುಳು. ಆಕೆಯ ಮಿದುಳಿನಲ್ಲಿ ಇದ್ದದ್ದು ಎರಡೇ ಡಬ್ಬಿ. ಎರಡರಲ್ಲೂ ಕೂರದ ಸ್ವರಕ್ಕೆ ಅದು ಇಟ್ಟ ಹೆಸರು ಅಪಸ್ವರ. 1978ರಲ್ಲಿ ಎಡ್ವರ್ಡ್ ಬರ್ನ್ಸ್ ಮತ್ತು ಡಿಕ್ಸನ್ ವಾರ್ಡ್ ಇದನ್ನೇ ಪ್ರಯೋಗ ಮಾಡಿ ತೋರಿಸಿದರು. ಪಾಶ್ಚಾತ್ಯ ಸಂಗೀತದಲ್ಲಿ ಪಳಗಿದವರು ಸ್ವರಗಳ ಅಂತರವನ್ನು ಗೆರೆ ಕೊರೆದಂತೆ ಡಬ್ಬಿ ಡಬ್ಬಿಯಾಗಿ ಕೇಳುತ್ತಾರೆ.

ಇದು ಮಾತಿನಲ್ಲೂ ಹೀಗೆಯೇ. ನಮಗೆ 'ತ' ಬೇರೆ, 'ಟ' ಬೇರೆ. ಇಂಗ್ಲಿಷ್ ಮಾತ್ರ ಬಲ್ಲವರಿಗೆ ಎರಡೂ ಒಂದೇ. ಆದರೆ ಅವರೂ ಹುಟ್ಟುವಾಗ ಹಾಗಿರಲಿಲ್ಲ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮನೆಗಳ 6ರಿಂದ 8 ತಿಂಗಳ ಕೂಸುಗಳು ಹಿಂದಿಯ ತ-ಟ ವ್ಯತ್ಯಾಸವನ್ನು ಚೆನ್ನಾಗಿಯೇ ಗುರುತಿಸಿದವು. ವರ್ಷ ತುಂಬುವ ಹೊತ್ತಿಗೆ ಆ ಶಕ್ತಿ ಮಾಯವಾಗಿತ್ತು. ತಾಳದಲ್ಲೂ ಅದೇ ಕಥೆ. ಎರಿನ್ ಹ್ಯಾನನ್ ಮತ್ತು ಸ್ಯಾಂಡ್ರಾ ಟ್ರೆಹಬ್ 2005ರಲ್ಲಿ ಕಂಡದ್ದು ಇದು: 6 ತಿಂಗಳ ಉತ್ತರ ಅಮೆರಿಕದ ಕೂಸುಗಳಿಗೆ ಬಾಲ್ಕನ್ ಪ್ರದೇಶದ ಸಮವಲ್ಲದ ತಾಳಗಳಲ್ಲಿ ಪೆಟ್ಟು ತಪ್ಪಿದರೆ ಗೊತ್ತಾಗುತ್ತಿತ್ತು, 12 ತಿಂಗಳ ಕೂಸುಗಳಿಗೆ ಗೊತ್ತಾಗುತ್ತಿರಲಿಲ್ಲ. ಆದರೆ ಸ್ವಲ್ಪ ಕಾಲ ಆ ಸಂಗೀತ ಕೇಳಿಸಿದರೆ ಸಾಕು, ಆ ಕೂಸುಗಳಲ್ಲಿ ಅದು ಮರಳಿ ಬಂತು. ದೊಡ್ಡವರಲ್ಲಿ ಅಷ್ಟು ಸಲೀಸಾಗಿ ಬರಲಿಲ್ಲ.

ಕಾರ್ಯಾಗಾರಕ್ಕೆ ಬರುವವರು ದೊಡ್ಡವರೇ. ಇರುವುದು ಒಂದು ವಾರ. ಅಷ್ಟರಲ್ಲಿ ಹೊಸ ಡಬ್ಬಿ ಕಟ್ಟುವುದು ಹೇಗೆ?

ತುಂಬ ಜನ ಮೊದಲು ಹಲಗೆಯ ಮೇಲೆ ಮಕಾಮ್‌ಗಳ ಪಟ್ಟಿ ಬರೆಯುತ್ತಾರೆ. ಕೊನೆಯ ದಿನ ಸಮಯ ಉಳಿದರೆ "ಈಗ ಸ್ವಲ್ಪ ನಿಮ್ಮದೇ ಮನೋಧರ್ಮ ಸೇರಿಸಿ ನುಡಿಸಿ" ಅನ್ನುತ್ತಾರೆ. ಇದು ತಲೆಕೆಳಗಾದ ಕ್ರಮ ಅಂತ ನನ್ನ ಗಟ್ಟಿ ನಂಬಿಕೆ. ಸ್ವಂತವಾಗಿ ನುಡಿಸುವುದು ಮೊದಲ ದಿನವೇ ಶುರುವಾಗಬೇಕು. ಸ್ವರಪಟ್ಟಿ ನೋಡಿ ನುಡಿಸುವಾಗ ಕಿವಿ ಸುಮ್ನೆ ಕೂತಿರುತ್ತದೆ, ಕಣ್ಣು ಕೆಲಸ ಮಾಡುತ್ತದೆ. ಯಾರೋ ಒಂದು ಸಂಚಾರ ಹಾಡಿ ನಿಮ್ಮ ಮುಖ ನೋಡಿದರೆ ಹಾಗೆ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಕೇಳಲೇಬೇಕು, ಉತ್ತರ ಕೊಡಲೇಬೇಕು.

ನಾನು ನೋಡಿದ ಆ ಉಸ್ತಾದರು ಹಾಗೆಯೇ ಮಾಡಿದರು. ವಾದ್ಯ ಎಲ್ಲ ಪಕ್ಕಕ್ಕಿಡಿಸಿದರು. ಅರ್ಧ ಜನ ರೆ ಹಿಡಿದು ನಿಂತರು, ತಂಬೂರಿಯ ಹಾಗೆ. ಉಳಿದವರು ಒಬ್ಬೊಬ್ಬರಾಗಿ ಉಸ್ತಾದರ ಸಂಚಾರಕ್ಕೆ ಎದುರು ಹಾಡಬೇಕು. ನಾಲ್ಕೇ ಸ್ವರ. ಇಂಥ ಪುಟ್ಟ ಗುಂಪಿಗೆ ಜಿನ್ಸ್ ಎಂದು ಹೆಸರು, ಮಕಾಮ್ ಕಟ್ಟುವುದೇ ಇಂಥ ಜಿನ್ಸ್‌ಗಳನ್ನು ಜೋಡಿಸಿ. ನಾಲ್ಕೇ ಸ್ವರ ಇದ್ದಾಗ ಯಾರಿಗೂ ಭಯ ಇರುವುದಿಲ್ಲ. ಹತ್ತು ಸುತ್ತು ಆಗುವಷ್ಟರಲ್ಲಿ ಆ ನಡುವಿನ ಸ್ವರ ಕೆಲವರ ಗಂಟಲಿನಲ್ಲಿ ತಾನಾಗೇ ಕೂತಿತ್ತು. ಕೇಳಿದರೆ ಹೇಗೆ ಬಂತು ಎಂದು ಹೇಳಲು ಅವರಿಗೆ ಬರುತ್ತಿರಲಿಲ್ಲ.

ಇದರ ದೊಡ್ಡ ರೂಪವೇ ತಕ್ಸೀಮ್. ಒಬ್ಬರೇ ಕೂತು, ಸಾಮಾನ್ಯವಾಗಿ ತಾಳದ ಕಟ್ಟಿಲ್ಲದೆ, ಮಕಾಮ್ ಅನ್ನು ಆಲಾಪನೆಯಂತೆ ಬಿಡಿಸುತ್ತ ಹೋಗುವುದು. ಕೆಳಗಿನ ಜಿನ್ಸ್‌ನಲ್ಲಿ ಸಾಕಷ್ಟು ಹೊತ್ತು ಓಡಾಡಿ, ಆಮೇಲೆ ಮೇಲಿನ ಜಿನ್ಸ್ ತೆರೆದು, ಬೇಕಾದರೆ ಬೇರೆ ಮಕಾಮ್‌ಗೆ ಹೋಗಿ, ಕೊನೆಗೆ ಮನೆಗೆ ಬರುವುದು. ಈ ನಡಿಗೆಗೆ ಸೈರ್ ಅನ್ನುತ್ತಾರೆ. ಜಾಝ್‌ನಿಂದ ಬಂದವರು ಇಲ್ಲೇ ಎಡವುತ್ತಾರೆ. ಅವರ ಬೆರಳು ಒಂದೇ ಉಸಿರಿನಲ್ಲಿ ಮೇಲಿನ ಸ್ಥಾಯಿ ತಲುಪಿಬಿಡುತ್ತದೆ. ಎರಡೇ ಸ್ವರದಲ್ಲಿ ಅರ್ಧ ನಿಮಿಷ ಇರಿ ಅಂದರೆ ಒದ್ದಾಡುತ್ತಾರೆ.

ಹಾಗೆ ಒದ್ದಾಡುವಾಗ ಮಿದುಳಿನಲ್ಲಿ ಏನಾಗುತ್ತಿರಬಹುದು? 2008ರಲ್ಲಿ ಚಾರ್ಲ್ಸ್ ಲಿಂಬ್ ಮತ್ತು ಅಲೆನ್ ಬ್ರೌನ್ ಆರು ಮಂದಿ ಜಾಝ್ ಪಿಯಾನೊ ವಾದಕರನ್ನು ಮಿದುಳಿನ ಸ್ಕ್ಯಾನರ್ ಒಳಗೆ ಮಲಗಿಸಿ ಪುಟ್ಟ ಕೀಬೋರ್ಡ್ ನುಡಿಸಲು ಕೊಟ್ಟರು. ಬಾಯಿಪಾಠ ಮಾಡಿದ್ದನ್ನು ನುಡಿಸುವುದಕ್ಕಿಂತ ಸ್ವಂತವಾಗಿ ನುಡಿಸುವಾಗ, ಹಣೆಯ ಹಿಂದಿನ ಭಾಗದಲ್ಲಿ ನಮ್ಮನ್ನು ನಾವೇ ತಿದ್ದಿಕೊಳ್ಳುವ, ಕಾಯುವ ಕೆಲಸಕ್ಕೆ ಸಂಬಂಧಿಸಿದ ಪ್ರದೇಶಗಳ ಚಟುವಟಿಕೆ ಇಳಿದಿತ್ತು. ನಡುಭಾಗದ ಚಟುವಟಿಕೆ ಏರಿತ್ತು. ಆರು ಜನ ತುಂಬ ಚಿಕ್ಕ ಸಂಖ್ಯೆ. ಅವರು ನುಡಿಸಿದ್ದು ಮಕಾಮ್ ಕೂಡ ಅಲ್ಲ. ಆದ್ದರಿಂದ ಇದನ್ನು ಎಳೆದಾಡಿ ದೊಡ್ಡದು ಮಾಡುವುದು ಬೇಡ. ಆದರೂ "ತಪ್ಪಾಯಿತೇನೋ" ಎಂದು ಒಳಗೇ ಗದರುವ ದನಿ ತಣ್ಣಗಾದ ಮೇಲೇ ಸಂಗೀತ ಹರಿಯುತ್ತದೆ ಎಂಬ ಕಲಿಸುವವರ ಅನುಭವಕ್ಕೆ ಇದು ಹೊಂದುತ್ತದೆ.

ಆ ದನಿ ತಣ್ಣಗಾಗಲು ಅರಬ್ ಸಂಗೀತದಲ್ಲಿ ಒಂದು ಚೆಂದದ ವ್ಯವಸ್ಥೆ ಇದೆ. ಅದೇ ಕೇಳುಗರು. ಒಂದು ಸಂಚಾರ ಸುತ್ತಿ ಬಳಸಿ ಮನೆಗೆ ಬಂದು ಮುಗಿಯುವ ಜಾಗಕ್ಕೆ ಕಫ್ಲಾ ಅನ್ನುತ್ತಾರೆ. ಕಫ್ಲಾ ಚೆನ್ನಾಗಿ ಬಿದ್ದರೆ ಕೂತವರ ಬಾಯಿಂದ "ಅಲ್ಲಾಹ್!", "ಯಾ ಸಲಾಂ!" ಹೊರಡುತ್ತದೆ. ಹೀಗೆ ಸಂಗೀತದಲ್ಲಿ ಮೈಮರೆಯುವುದಕ್ಕೆ ತರಬ್ ಎಂದು ಹೆಸರು. ಬಲ್ಲ ಕೇಳುಗರು ಸಮ್ಮೀಅ. ಈಜಿಪ್ಟಿನ ಹೆಸರಾಂತ ಗಾಯಕಿ ಉಮ್ ಕುಲ್ಸೂಮ್ ಒಂದೇ ಸಾಲನ್ನು ಮತ್ತೆ ಮತ್ತೆ, ಪ್ರತಿ ಸಲವೂ ಬೇರೆ ರೀತಿ ಹಾಡುತ್ತಿದ್ದರು. ಜನರ ಉದ್ಗಾರವೇ ಅವರನ್ನು ಮುಂದಿನ ಸುತ್ತಿಗೆ ಕರೆದೊಯ್ಯುತ್ತಿತ್ತು. ಇದಕ್ಕೂ ವಿಜ್ಞಾನದಲ್ಲಿ ಒಂದು ಎಳೆ ಸಿಗುತ್ತದೆ. ವ್ಯಾಲೋರಿ ಸಲೀಂಪೂರ್, ರಾಬರ್ಟ್ ಝಟೋರೆ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದಂತೆ, ಪ್ರೀತಿಯ ಸಂಗೀತ ಕೇಳುವಾಗ ಮೈ ಜುಮ್ಮೆನ್ನುವ ಗಳಿಗೆಯಲ್ಲಿ ಮಿದುಳಿನಲ್ಲಿ ಖುಷಿಗೆ ಸಂಬಂಧಿಸಿದ ಡೋಪಮಿನ್ ಎಂಬ ರಾಸಾಯನಿಕ ಬಿಡುಗಡೆ ಆಗುತ್ತದೆ. ಆ ಗಳಿಗೆಗೆ ಕಾಯುವಾಗಲೂ ಆಗುತ್ತದೆ, ಮಿದುಳಿನ ಬೇರೊಂದು ಭಾಗದಲ್ಲಿ. ಕಫ್ಲಾ ಅಂದರೆ ಹಾಗೆ ಕಾಯಿಸುವ ಕಲೆಯೇ. ಹಾಗಾಗಿ ಕಾರ್ಯಾಗಾರದಲ್ಲಿ ನುಡಿಸುವುದರ ಜೊತೆಗೆ ಕೇಳುವುದನ್ನೂ, ಬಾಯಿಬಿಟ್ಟು ಮೆಚ್ಚುವುದನ್ನೂ ಕಲಿಸಬೇಕು. ಕೈಕಟ್ಟಿ ಕೂರುವ ಸಭೆಯಲ್ಲಿ ಬೆಳೆದವರಿಗೆ ಇದು ಸ್ವರಕ್ಕಿಂತ ಕಷ್ಟ.

ತಾಳದ ಬಗ್ಗೆ ನಾಲ್ಕು ಮಾತು ಸಾಕು. ದುಮ್ ಎಂಬ ಗಡಸು ಪೆಟ್ಟು, ತಕ್ ಎಂಬ ಚುರುಕು ಪೆಟ್ಟು. ಅರಬ್ ತಾಳಗಳಲ್ಲೊಂದಾದ ಸಮಾಈ ಥಕೀಲ್‌ನಲ್ಲಿ 10 ಎಣಿಕೆ. 1, 6, 7ರಲ್ಲಿ ದುಮ್, 4 ಮತ್ತು 8ರಲ್ಲಿ ತಕ್. ಕೂತು ಎಣಿಸಿದರೆ ತಪ್ಪುತ್ತದೆ. ಎದ್ದು ಹೆಜ್ಜೆ ಹಾಕಿದರೆ ಬೇಗ ಬರುತ್ತದೆ.

ಎರಡು ಸಂಗೀತಗಳ ಬೆರಕೆಯ ಮಾತಿಗೆ ಬರೋಣ. "ಅರಬ್ ಶೈಲಿ" ಎಂದು ಸಿನಿಮಾಗಳಲ್ಲಿ ಮರಳುಗಾಡು ಕಂಡ ಕೂಡಲೇ ಕೇಳಿಸುವುದು ಹೆಚ್ಚಾಗಿ ಹಿಜಾಝ್ ಎಂಬ ಮಕಾಮ್‌ನ ಛಾಯೆ. ಯಾಕೆ ಅದೇ? ಹಿಜಾಝ್‌ನ ಮುಖ್ಯ ಜಿನ್ಸ್ ಪಿಯಾನೊ ಮನೆಗಳಲ್ಲಿ ಹೆಚ್ಚುಕಡಿಮೆ ಕೂರುತ್ತದೆ. ಕೀಬೋರ್ಡ್‌ಗೂ ಕಷ್ಟವಿಲ್ಲ, ಕಾರ್ಡ್ (ಹಲವು ಸ್ವರ ಒಟ್ಟಿಗೆ) ಹಾಕುವುದಕ್ಕೂ ತೊಂದರೆ ಇಲ್ಲ. ಬಯಾತಿ, ರಾಸ್ತ್ ಹಾಗೆ ಬಗ್ಗುವುದಿಲ್ಲ, ಅದಕ್ಕೇ ಬಿಟ್ಟುಹೋಗುತ್ತವೆ. ಇದು ನನಗೆ ನಿಜಕ್ಕೂ ನೋವಿನ ಸಂಗತಿ. ಎರಡು ಸಂಗೀತ ಕೂಡುವಾಗ ಪ್ರತಿ ಸಲ ಒಂದೇ ಕಡೆಯವರು ತಮ್ಮ ಸ್ವರ ಬಿಟ್ಟುಕೊಡುವುದಾದರೆ ಅದು ಕೂಡುವುದು ಹೇಗಾಯಿತು?

ಇನ್ನೊಂದು ದಾರಿ ಹಿಡಿದವರೂ ಇದ್ದಾರೆ. ಲೆಬನಾನಿನ ವಾದಕ ನಸೀಂ ಮಾಲೂಫ್ ಟ್ರಂಪೆಟ್‌ಗೆ ನಾಲ್ಕನೇ ವಾಲ್ವ್ ಸೇರಿಸಿ ಕಾಲು ಸ್ವರ ನುಡಿಯುವಂತೆ ಮಾಡಿದರು. ಷಿಕಾಗೋ ಕಡೆಯ ಅಮೀರ್ ಎಲ್‌ಸಫ್ಫಾರ್ ಜಾಝ್ ಟ್ರಂಪೆಟ್ ವಾದಕರಾಗಿದ್ದು, 2002ರಲ್ಲಿ ಬಾಗ್ದಾದಿಗೆ ಹೋಗಿ ಇರಾಕಿ ಮಕಾಮ್ ಕಲಿತರು. ಆಮೇಲೆ ಮಾಮೂಲಿ ಟ್ರಂಪೆಟ್‌ನಲ್ಲೇ ಆ ಸ್ವರಗಳನ್ನು ಹೊರಡಿಸುವ ಬಗೆ ಕಂಡುಕೊಂಡರು. ಪ್ಯಾಲೆಸ್ಟೀನ್ ಮೂಲದ ಔದ್ ಮತ್ತು ಪಿಟೀಲು ವಾದಕ ಸೈಮನ್ ಶಾಹೀನ್ 1997ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಮೌಂಟ್ ಹೋಲಿಯೋಕ್ ಕಾಲೇಜಿನಲ್ಲಿ ಅರಬ್ ಸಂಗೀತದ ವಾರದ ಶಿಬಿರ ಶುರು ಮಾಡಿದರು. ಔದ್‌ಗೆ ವೀಣೆಯಲ್ಲಿರುವಂಥ ಮೆಟ್ಟು ಇಲ್ಲ, ಪಿಟೀಲಿಗೂ ಇಲ್ಲ. ಹಾಗಾಗಿ ಬೆರಳು ಎಲ್ಲಿ ಬೇಕಾದರೂ ನಿಲ್ಲಬಹುದು. ಕಾನೂನ್ ಎಂಬ ತಂತಿವಾದ್ಯದಲ್ಲಿ ತಂತಿಗಳ ಕೆಳಗೆ ಸಣ್ಣ ಸಣ್ಣ ಸನ್ನೆಕೋಲುಗಳಿದ್ದು, ಅವನ್ನು ಎತ್ತಿ ಇಳಿಸಿ ಸ್ವರ ಸರಿಸುತ್ತಾರೆ. (ನಮ್ಮ 'ಕಾನೂನು' ಪದವೂ ಇದೇ ಅರಬಿ ಪದ. ವಾದ್ಯಕ್ಕೂ ಕಟ್ಟಳೆಗೂ ಒಂದೇ ಹೆಸರು.)

ಆ ಪಿಯಾನೊ ವಾದಕಿಗೆ ಮಾತ್ರ ಇಂಥ ಅನುಕೂಲ ಯಾವುದೂ ಇರಲಿಲ್ಲ. ಎರಡು ದಿನ ಅವರು ಪಿಯಾನೊ ಮುಟ್ಟಲಿಲ್ಲ, ಹಾಡಿದರು. ಮೂರನೇ ದಿನ ಕೆಳಗಿನ ರೆ ಒಂದನ್ನೇ ಎಡಗೈಯಲ್ಲಿ ಹಿಡಿದು, ಕಾರ್ಡ್ ಹಾಕದೆ, ಪಿಟೀಲಿನವರಿಗೆ ಶ್ರುತಿ ಕೊಟ್ಟರು. ಐದನೇ ದಿನ ಅವರ ಸರದಿ ಬಂತು. ಬಲಗೈ ಫಾ, ಸೋಲ್ ನುಡಿಸಿತು. ಇಳಿಯುವಾಗ ಮಿ ಬರಬೇಕಾದ ಜಾಗದಲ್ಲಿ ಕೈ ಎತ್ತಿ ಮಡಿಲಲ್ಲಿಟ್ಟುಕೊಂಡು ಆ ಒಂದು ಸ್ವರವನ್ನು ಹಾಡಿದರು. ಸ್ವಲ್ಪ ಹೊತ್ತು ಅಲ್ಲೇ ನಿಂತರು. ಆಮೇಲೆ ಎಡಗೈಯ ರೆ ಮೇಲೆ ಬಂದು ಇಳಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ರಿಕ್ ಎಂಬ ಕಂಜಿರದಂಥ ವಾದ್ಯ ನುಡಿಸುವವರು "ಅಲ್ಲಾಹ್" ಅಂದರು.